ಕೊನೆಯದಕ್ಕೆ ಒಂದು ಮೊದಲು

ಆ ವರ್ಷ, ಅಂದರೆ ಎಂಬತ್ತನಾಲ್ಕರಲ್ಲಿ, ಅಮೆರಿಕದ ಸನ್ನಿವೇಲಿನ ಕನ್ನಡ ಕೂಟದ ದೀಪಾವಳಿಯ ದಿನ ಸಭಾಂಗಣದ ಬೀಗದಕೈ ತರಲು ಶೇಷಾದ್ರಿ ಹೋಗದೇ ಇದ್ದಿದ್ದರೆ ತನ್ನ ಪಾಡಿಗೆ ತಾನು ಸುಖವಾಗಿರುತ್ತಿದ್ದ. ಕಾರ್ಯದರ್ಶಿ ಸಿದ್ದರಾಜು ಅವನ ಹಾಸ್ಯ ಪ್ರಸಂಗವನ್ನು ಕಟ್ಟಕಡೆಗೆ ಇಟ್ಟಿದ್ದ. ಕೊನೆಯ ಐಟಂ ಎಂದರೆ ಮಹಾಮಂಗಳಾರತಿ ಇದ್ದ ಹಾಗೆ ಎಂದು ಶೇಷಾದ್ರಿ ವಾರವೆಲ್ಲ ಬೀಗಿದ್ದ.

ಅದು ಅವನ ಅಪ್ಪನ ಪ್ರಸಂಗ. ಅಪ್ಪ ನಾಟಕ ಕಂಪನಿಯಲ್ಲಿದ್ದವರು. ಒಳಗೆ ಸೀನು ಬದಲಾಯಿಸುವಾಗ ಇವರು ಮೂಗಿಗೆ ಕೆಂಪು ಬಳಿದುಕೊಂಡು ಪರದೆಯ ಮುಂದೆ ಬಂದು ಹೆಂಡತಿಗೆ ಹೆದರುವ ಶಾನುಭೋಗನಾಗುತ್ತಿದ್ದರು. ಪಕ್ಕದ ಮರೆಯಲ್ಲಿ ನಿಂತ ಪುಟ್ಟ ಶೇಷಾದ್ರಿಗೆ ಕಾಣುತ್ತಿದ್ದದ್ದು ಅಪ್ಪನ ಬೆನ್ನು, ಕೇಳುತ್ತಿದ್ದದ್ದು ಅವರು ಬಾಯಿ ತೆರೆದ ಕೂಡಲೇ ಟೆಂಟಿನ ತುಂಬ ಏಳುತ್ತಿದ್ದ ಗದ್ದಲ. ಅದನ್ನು ನೆನೆದರೆ ಫ್ರೀವೇ ಮೇಲೂ ಅವನ ಕಣ್ಣು ಮಂಜಾಗುತ್ತಿತ್ತು. ಮೈಸೂರಿನಿಂದ ಬಂದಿದ್ದ ಅಮ್ಮ ಸತ್ಯವತಮ್ಮ ಮರುದಿನ ವಾಪಸು ಹೊರಡುವವರು. ಅಷ್ಟರೊಳಗೆ ಆ ಗದ್ದಲವನ್ನು ಅವರಿಗೆ ಇನ್ನೊಮ್ಮೆ ಕೇಳಿಸಬೇಕೆಂಬುದು ಅವನ ಆಸೆ. ಅಮ್ಮ "ಬೇಡ ಬಿಡೋ" ಎಂದಿದ್ದರು. ತೀರಿಹೋದ ಅಪ್ಪನನ್ನು ನೆನೆದ ದುಃಖಕ್ಕೆ ಹಾಗೆಂದರೆಂದು ಇವನು ತಿಳಿದ.

ಬೀಗದಕೈ ಇದ್ದದ್ದು ಸಭಾಂಗಣ ನೋಡಿಕೊಳ್ಳುವ ಡೋಲನ್ ಅಜ್ಜಿಯ ಹತ್ತಿರ. ಆಕೆಯ ಅಪ್ಪ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋದ ವಾಡ್‌ವಿಲ್ ರಂಗದಲ್ಲಿ ಕುಣಿದವರು. ಹಾಗೆಂದರೇನು ಎಂದು ಕೇಳಿದ್ದೇ ತಪ್ಪಾಯಿತು, ಅಜ್ಜಿ ಕುರ್ಚಿ ಎಳೆದು ಕೂರಿಸಿದಳು. ಹೆಸರು ಫ್ರಾನ್ಸಿನ ಯಾವುದೋ ಕಣಿವೆಯ ಗೇಲಿ ಹಾಡುಗಳಿಂದ ಬಂದದ್ದಂತೆ. ಅಲ್ಲ, ಊರ ದನಿ ಎಂಬ ಮಾತಿನಿಂದ ಎನ್ನುವವರೂ ಇದ್ದಾರಂತೆ. ಅಮೆರಿಕದಲ್ಲಿ ಅದು ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಜಾದೂ, ಲೆಕ್ಕ ಮಾಡುವ ನಾಯಿ, ನಡುವೆ ಒಬ್ಬ ವಿದೂಷಕ ಎಂದಾಯಿತು. ಒಂದಕ್ಕೊಂದು ಸಂಬಂಧವಿಲ್ಲ. ಸಿನಿಮಾ ಬಂದು ಎಲ್ಲವನ್ನೂ ನುಂಗಿತು ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ನಾಯಿಯೊಂದನ್ನು ಬಿಟ್ಟರೆ ಇದು ನಮ್ಮ ಕೂಟದ ಕಾರ್ಯಕ್ರಮವೇ ಎನ್ನಿಸಿ, ಶೇಷಾದ್ರಿ ತಾನೇ ಕೊನೆಯವನೆಂದು ಹೆಮ್ಮೆಯಿಂದ ಹೇಳಿದ. ಅಜ್ಜಿಯ ಮುಖ ಸಣ್ಣದಾಯಿತು. ವಾಡ್‌ವಿಲ್‌ನಲ್ಲಿ ದೊಡ್ಡ ಕಲಾವಿದ ಬರುವುದು ಕೊನೆಯದಕ್ಕೆ ಒಂದು ಮೊದಲಂತೆ. ಕಟ್ಟಕಡೆಗೆ ಹಾಕುವುದು ಜನ ಎದ್ದು ಮನೆಗೆ ಹೋಗಲಿ ಎಂದಂತೆ.

ತನ್ನನ್ನು ಒಂದು ಮೊದಲಿಗೆ ಹಾಕು ಎಂದು ಕೇಳಲು ಶೇಷಾದ್ರಿ ಓಡಿದ. ತನ್ನ ಮನೆಯಲ್ಲಿ ಬಿಸಿಬೇಳೆಬಾತು ತಿರುವುತ್ತಿದ್ದ ಸಿದ್ದರಾಜು, ಆ ಜಾಗ ನಿರುಪಮಾ ಅವರ ವೀಣೆಗೆ ಎಂದ. ಮತ್ತೇನೋ ಹೇಳಲು ಹೊರಟವನು ತಿರುಗಿ ಸೌಟಿಗೆ ಕೈ ಹಾಕಿದ. ನಿರುಪಮಾ ಫೋನಿನಲ್ಲೇ ಅದಲುಬದಲಿಗೆ ಒಪ್ಪಿಬಿಟ್ಟಳು, ಒಂದೇ ಷರತ್ತು: ಪಾತ್ರೆ ತೊಳೆಯುವ ತನ್ನ ಸರದಿಯೂ ಅವನದೇ. ಅಷ್ಟು ಬೇಗ ಏಕೆ ಒಪ್ಪಿದಳೆಂದು ಅವನಿಗೆ ಹೊಳೆಯಬೇಕಿತ್ತು.

ಸಂಜೆ ಶೇಷಾದ್ರಿ ಮೂಗು ಕೆಂಪು ಮಾಡಿಕೊಂಡು ಬಂದು ಬಾಯಿ ತೆರೆದ. ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲೂ ತೆರೆಯಿತು. ಒಗ್ಗರಣೆಯ ಘಮದ ಹಿಂದೆಯೇ ಬಂದ ಸಿದ್ದರಾಜು ಮೈಕು ತೆಗೆದುಕೊಂಡು, "ಊಟ ರೆಡಿ ಐತೆ, ಎಲ್ರೂ ಬನ್ನಿ. ಪ್ರೋಗ್ರಾಮು ನಡೀತಾ ಇರ್ತದೆ" ಎಂದ. ಕುರ್ಚಿಗಳು ಕಿರುಗುಟ್ಟಿದವು, ಮಕ್ಕಳು ಕೂಗಿದವು, ಇಡೀ ಸಭೆ ಎದ್ದಿತು. ಈ ಗದ್ದಲವನ್ನು ಎಲ್ಲೋ ಕೇಳಿದ್ದೇನೆ ಎನ್ನಿಸಿತು ಶೇಷಾದ್ರಿಗೆ. ಮುಂದಿನ ಸಾಲಿನಲ್ಲಿ ಅಮ್ಮ ಒಬ್ಬರೇ ಶಾಲು ಹೊದ್ದು ಕೂತಿದ್ದರು. ಅವರಿಗಾಗಿ ಪೂರ್ತಿ ಪ್ರಸಂಗ ಮುಗಿಸಿದ. ಆಮೇಲೆ ಜನ ಉಂಡು ಬಂದು ನಿರುಪಮಾಳ ವೀಣೆಯನ್ನು ಎರಡೆರಡು ಸಲ ನುಡಿಸಿಸಿ ಕೇಳಿದರು.

ಕೆಂಪು ಮೂಗಿನಲ್ಲೇ ದಬರಿ ಉಜ್ಜುತ್ತಿದ್ದವನ ಪಕ್ಕಕ್ಕೆ ಅಮ್ಮ ಬಂದು ನಿಂತರು. ಅಪ್ಪನಿಗೆ ಒಂದು ಸಲವಾದರೂ ಹೀಗಾಗಿತ್ತೇ ಎಂದು ಅವನು ಕೇಳಿದ.

"ದಿನಾ ಹೀಗೇ ಕಣೋ. ನಿಮ್ಮಪ್ಪ ಬಾಯಿ ತೆಗೆದ್ರೆ ಟೆಂಟೇ ಖಾಲಿ, ಎಲ್ಲ ಎದ್ದು ಸೋಡಾ ಅಂಗಡಿಗೆ ಹೋಗೋರು. ಅಂಗಡಿ ಕಂಪನಿ ಯಜಮಾನ್ರ ಭಾವಮೈದಂದು. ಅದಕ್ಕೇ ಅವರನ್ನ ಕೊನೇವರೆಗೂ ಕೆಲಸದಿಂದ ಬಿಡಿಸ್ಲಿಲ್ಲ. ಕೂತು ಕೇಳ್ತಿದ್ದೋಳು ನಾನೊಬ್ಬಳೇ. ನೀನೂ ಥೇಟ್ ಅವರ ಹಾಗೇ ಮಾಡ್ದೆ."

ಶೇಷಾದ್ರಿಯ ಕಣ್ಣು ತುಂಬಿತು. ಕೈಯೆಲ್ಲ ಸೋಪಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಅಷ್ಟರಲ್ಲಿ ಸಿದ್ದರಾಜು ಇಣುಕಿದ.

"ಸಾರ್, ಬೇರೆ ಸಲ ಜನಾನ ಊಟಕ್ಕೆ ಎಬ್ಬಿಸೋಕೆ ಗಂಟಲು ಹರ್ಕೋಬೇಕು. ಇವತ್ತು ನೀವು ಬಾಯಿ ಬಿಟ್ಟಿದ್ದೇ ಎಲ್ಲ ಎದ್ರು. ಯುಗಾದಿಗೂ ಆ ಜಾಗ ನಿಮ್ದೇ."

"ಒಪ್ಕೊಳ್ಳೋ, ಮನೆತನದ ಕಸುಬು," ಎನ್ನುತ್ತ ಸತ್ಯವತಮ್ಮ ಇನ್ನೊಂದು ದಬರಿಯನ್ನು ಅವನ ಮುಂದೆ ಸರಿಸಿದರು.