ಬೆನ್ನಿಗೆ ಬಿದ್ದ ಶಿಳ್ಳೆ

ಕಟ್ಟಿಕೊಂಡ ಹೆಂಡತಿಯ ಬಾಯಿಂದ ಒಂದು "ಭೇಷ್" ಹೊರಡಿಸುವುದಕ್ಕಿಂತ ಪೀಣ್ಯದಲ್ಲಿ ಸ್ವಂತ ಕಾರ್ಖಾನೆ ತೆರೆಯುವುದೇ ಸುಲಭವೆಂದು ಲಗ್ಗೆರೆಯ ಭಾನುಪ್ರಕಾಶನಿಗೆ ಎಂದೋ ಖಾತ್ರಿಯಾಗಿತ್ತು. ವರ್ಷವೆಲ್ಲ ಲೇತ್ ಯಂತ್ರದ ಮುಂದೆ ನಿಲ್ಲುವ ಈ ಮಹಾಶಯ, ಕಾರ್ಖಾನೆಯ ರಾಜ್ಯೋತ್ಸವ ನಾಟಕದಲ್ಲಿ ಮಾತ್ರ ಸಾಕ್ಷಾತ್ ಮಹಾರಾಣಿ. ನವೆಂಬರ್ ಬಂದರೆ ಮೀಸೆ ಹೋಗುತ್ತಿತ್ತು. ಅದು ಮತ್ತೆ ಚಿಗುರುವವರೆಗೆ ಧರ್ಮಪತ್ನಿ ವೇಣಿ ಅವನ ಜೊತೆ ತರಕಾರಿ ಅಂಗಡಿಗೂ ಬರುತ್ತಿರಲಿಲ್ಲ. ನಾಟಕಕ್ಕಂತೂ ಒಮ್ಮೆಯೂ ಬಂದವಳಲ್ಲ.

"ಗಂಡ ಸೀರೆ ಉಟ್ಕೊಂಡು ಕುಣಿಯೋದನ್ನ ಕಣ್ಣಾರೆ ಬೇರೆ ನೋಡ್ಬೇಕಾ?"

ಅಂಥವನನ್ನು ಸಿನಿಮಾದವರು ಹುಡುಕಿಕೊಂಡು ಬಂದರು. ಹೆಣ್ಣುವೇಷದಲ್ಲಿ ಲೇಡೀಸ್ ಹಾಸ್ಟೆಲ್ ಸೇರುವ ನಾಯಕನಿಗೆ ನಡಿಗೆ ಕಲಿಸಬೇಕಿತ್ತು. ಇದ್ದಬದ್ದ ರಜೆಯನ್ನೆಲ್ಲ ಸುರಿದು ಇವನು ಕಲಿಸಿದ, ನಾಯಕ ಕಲಿಯಲಿಲ್ಲ. ಬೇಸತ್ತ ನಿರ್ದೇಶಕರು ಬಿಂದಿಗೆಯ ಹಾಡಿಗೆ ಇವನಿಗೇ ಸೀರೆ ಉಡಿಸಿ ಹಿಂದಿನಿಂದ ಚಿತ್ರೀಕರಿಸಿದರು (ಬೆನ್ನಿಗೆ ಮೀಸೆಯಿಲ್ಲವಾದ್ದರಿಂದ ಬೋಳಿಸುವ ಪ್ರಮೇಯ ಬರಲಿಲ್ಲ). ಇದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ವೇಣಿ ತೆರೆಯ ಮೇಲೆ ನೋಡಿಯೇ ಬೆರಗಾಗಲಿ ಎಂಬುದು ಅವನ ಆಸೆ.

ಬಿಡುಗಡೆಯಾದ ಭಾನುವಾರವೇ ಹೆಂಡತಿಯನ್ನೂ ಅತ್ತೆ ರಾಮಕ್ಕನನ್ನೂ ಕರೆದೊಯ್ದ. ಹಾಡಿನ ಮೇಲೆ ಹಾಡು ಬಂತು, ನಗು ಒಂದೂ ಬರಲಿಲ್ಲ. ನಾಯಕ ಚಪ್ಪಲಿಗೆ ಕಲ್ಲು ಹೊಕ್ಕವನಂತೆ ನಡೆಯುತ್ತಿದ್ದ.

"ಎಣ್ಮಕ್ಳು ಇಂಗೆ ನಡೀತಾರಾ?" ಎಂದು ಕೇಳಿ ರಾಮಕ್ಕ ನಿದ್ದೆಹೋದರು.

"ಇದನ್ನಾ ನೀವು ಹೇಳ್ಕೊಟ್ಟಿದ್ದು?" ಎಂದಳು ವೇಣಿ.

"ತಾಳೇ, ಬಿಂದಿಗೆ ಹಾಡು ಬರ್ಲಿ."

ಬಂತು. ಸೊಂಟದಲ್ಲಿ ಬಿಂದಿಗೆ, ಬೆನ್ನ ಮೇಲೆ ಜಡೆ. ತೂಕಡಿಸುತ್ತಿದ್ದ ಚಿತ್ರಮಂದಿರದಲ್ಲಿ ಶಿಳ್ಳೆ ಎದ್ದಿತು. ವೇಣಿ ಮುಂದಕ್ಕೆ ಬಾಗಿ ಕೂತಳು. ಭಾನುಪ್ರಕಾಶನಿಗೆ ಕಣ್ಣು ತುಂಬಿ ಬಂತು.

"ಹೆಂಗಿದೆ?"

"ಸಕ್ಕತ್ತಾಗಿದೆ ಕಣ್ರೀ! ಸದ್ಯ, ಇದಕ್ಕಾದ್ರೂ ಹೆಂಗಸನ್ನೇ ಕರೆಸಿದಾರೆ. ಹೆಣ್ಣಾಗಿ ಹುಟ್ಟದೆ ಈ ನಡಿಗೆ ಬರಲ್ಲ."

"ಅದು ನಾನೇ ಕಣೇ!"

ವೇಣಿಯ ನೋಟ ಅವನ ಮೀಸೆಯ ಹತ್ತಿರ ಬಂದು ನಿಂತಿತು.

"ಯಾರೋ ಪಾಪದವಳು ದುಡಿದಿದ್ದನ್ನೂ ನಂದು ಅಂತೀರಲ್ಲ, ನಾಚಿಕೆ ಆಗಲ್ವಾ?"

ಕೊನೆಯಲ್ಲಿ ಹೆಸರುಗಳಾದರೂ ಬರುತ್ತವೆ, ತೋರಿಸೋಣವೆಂದು ಅವಳ ಕೈ ಹಿಡಿದು ಕೂರಿಸಿಕೊಂಡ. ನಿರ್ಮಾಪಕರ ಮಾವನ ಹೆಸರಿನವರೆಗೆ ಬಂದಿತ್ತು, ಆಪರೇಟರ್ ಪರದೆ ಆರಿಸಿಬಿಟ್ಟ. ಭಾನುಪ್ರಕಾಶನಿಗೆ ಅಲ್ಲೇ ಕೂತು ಅಳಬೇಕೆನಿಸಿತು.

ಬಸ್ಸಿನಲ್ಲಿ ಅವನು ಮುಖ ತಿರುಗಿಸಿಕೊಂಡು ಕೂತಿದ್ದ. ವೇಣಿಗೇ ಕರುಣೆ ಹುಟ್ಟಿ ಮೊಣಕೈಯಿಂದ ಮೆಲ್ಲಗೆ ತಿವಿದಳು.

"ರೀ, ಈ ಸಲ ನಾಟಕಕ್ಕೆ ನಿಮ್ ಬದ್ಲು ಆ ಬಿಂದಿಗೆಯವಳನ್ನ ಕರೆಸಿ. ನಾನೂ ಬರ್ತೀನಿ."