ಗಡಿಯಾರ ಸಮೇತ ಬರಬೇಕು

ತನ್ನ ಹರ್ನಿಯಾ ಆಪರೇಷನ್ನಿಗೆ ಆಮಂತ್ರಣ ಪತ್ರಿಕೆ ಹಂಚಿದವನು ಬೀದರ ಜಿಲ್ಲೆಯಲ್ಲಿ ನಮ್ಮ ಮಾಮಾ ಒಬ್ಬನೇ! ಮೈಲೂರಿನಲ್ಲಿ ಅವನದೇ ಜೆರಾಕ್ಸ್ ಅಂಗಡಿ. ನೂರು ಪ್ರತಿ ತೆಗೆದ. ‘ತಾವು ಸಹಕುಟುಂಬ, ಗಡಿಯಾರ ಸಮೇತ ಬರಬೇಕು. ಉಡುಗೊರೆ, ರಕ್ತ ಎರಡೂ ಬೇಡ.’

ರಕ್ತ ಯಾಕೆ ಬೇಡ? ಮಾಮಾನಿಗೆ ಹಿಮೋಫಿಲಿಯಾ, ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ರಕ್ತವಲ್ಲ, ಫ್ಯಾಕ್ಟರ್ ಎಂಬ ಔಷಧ. ಆದರೆ ಮಾಮಾನ ಮೈ ಆ ಔಷಧವನ್ನೇ ಕಳ್ಳನೆಂದು ತಿಳಿದು ಹೊಡೆದೋಡಿಸುತ್ತದೆ. ಮೈಯೂ ಅವನಂತೆ, ಯಾರನ್ನೂ ನಂಬುವುದಿಲ್ಲ!

“ಸೀದಾ ರಸ್ತಾ ಬಂದ್ ಅದ. ಈಗ ಸುತ್ತು ಹಾಕಿ ಹೋಗೋ ಬ್ಯಾರೆ ಔಷಧ,” ಎಂದು ಅವನೇ ವಿವರಿಸಿದ. ಆ ಔಷಧದ ಬಲ ಎರಡು ಗಂಟೆ ಮಾತ್ರ, ಎರಡು ಗಂಟೆಗೊಮ್ಮೆ ಸೂಜಿ ಬೇಕು; ಗಡಿಯಾರ ಅದಕ್ಕೇ. ಒಂದು ಸರದಿ ತಪ್ಪಿದರೆ ಹೊಲಿಗೆಯೊಳಗೇ ರಕ್ತ ಸೋರಬಹುದು. ಆಪರೇಷನ್ ಮಾಡದೆ ಬಿಟ್ಟರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಕುತ್ತು. “ಸದಾ ಒಬ್ಬರು ಜೊತೆಗಿರಲಿ,” ಎಂದರು ಡಾಕ್ಟರು. ಮಾಮಾ ಒಬ್ಬರನ್ನು ನೂರು ಎಂದು ಕೇಳಿಸಿಕೊಂಡಿರಬೇಕು.

ನನ್ನನ್ನೂ ಎಳೆದುಕೊಂಡು ಬಸ್ ಹತ್ತಿದ. ಭಾಲ್ಕಿ, ಸಾಯಗಾಂವ, ಔರಾದ. ಮಳೆ ಕೈಕೊಟ್ಟ ಎರಡನೆಯ ವರ್ಷವದು. ಸಾಯಗಾಂವದ ನಮ್ಮವರ ಓಣಿಯಲ್ಲಿ ಎಂಟು ಬೀಗ ನೋಡಿದೆವೆಂದು ನನ್ನ ನೆನಪು ಹೇಳುತ್ತದೆ. ಅದರ ಮಾತು ಪೂರ್ತಿ ನಂಬಬೇಡಿ, ಐದು ಎನ್ನಿ. ಮಾಮಾ ಒಂದೊಂದು ಬೀಗದ ಸಂದಿಗೂ ಒಂದೊಂದು ಪತ್ರಿಕೆ ಸಿಕ್ಕಿಸಿದ.

ಎದುರು ಕಟ್ಟೆಯ ಮುದುಕ ಕೂಗಿದ: “ಯಾರಿಗಿ ಕೊಡ್ಲಿಕತ್ತೀರಿ? ಎಲ್ಲಾರೂ ದುಡಿಲಿಕ್ಕ ಹೈದರಾಬಾದಕ್ಕ ಹೋಗ್ಯಾರ್ರಿ!”

“ಮೊದ್ಲೇ ಹೇಳಬಾರದೇನ್ರಿ ಕಾಕಾ? ಆಪರೇಷನ್ ಅಲ್ಲೇ ಇಟ್ಕೋತಿದ್ದೆ!”

ನಕ್ಕೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಉಳಿದ ಪತ್ರಿಕೆಗಳನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಹೆದರಿದ್ದನೇ? ಆಗ ನಾನು ಕೇಳಲಿಲ್ಲ. ಈಗ ಕೇಳಿದೆನೆಂದು ಬರೆದರೆ ಸುಳ್ಳಾಗುತ್ತದೆ.

ಆಪರೇಷನ್ ದಿನ ಬಂದವರು ಇಬ್ಬರೇ: ನಾನು ಮತ್ತು ಅವನ ತಾಯಿ, ಅಂದರೆ ನಮ್ಮ ಅಜ್ಜಿ. ಮಂಪರು ಇಳಿಯುವ ಮೊದಲೇ ಮಾಮಾ ಶುರು ಮಾಡಿದ.

“ಸಿಸ್ಟರ್, ಟೈಮ್ ಆಯ್ತು!”

“ಇನ್ನಾ ಹತ್ತು ಮಿನಿಟ್ ಅದರಿ ಕಾಕಾ.”

“ನಿಮ್ಮ ಗಡಿಯಾರ ನಿಂತದೇನು ನೋಡ್ರಿ.”

“ನೀವು ಪೇಶಂಟ್ ಇದ್ದೀರೋ, ಇನ್‌ಸ್ಪೆಕ್ಟರ್ ಇದ್ದೀರೋ?”

“ಪೇಶಂಟೇ ಇದ್ದೇನ್ರಿ. ಅದಕ್ಕೇ ಅಂಜಿಕಿ!”

ಎರಡು ದಿನ ಹೀಗೇ. ನರ್ಸ್ ಒಂದು ಸರದಿಯೂ ತಪ್ಪಿಸಲಿಲ್ಲ, ಮಾಮಾ ಒಂದು ಸಲವೂ ಕೇಳದೆ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ಗಾಯ ಒಣಗಿತ್ತು. ಬಾವಿಲ್ಲ, ರಕ್ತವಿಲ್ಲ. ನರ್ಸ್ ಆಗಷ್ಟೇ ಸೂಜಿ ಕೊಟ್ಟು ಹೋಗಿದ್ದಳು. ಅಜ್ಜಿ ಮಂಚದ ಪಕ್ಕ ಬಂದು, ಎರಡೇ ಬೆರಳಿನಿಂದ ಮಗನ ಮುಂಗೈ ಮುಟ್ಟಿ ತಕ್ಷಣ ತೆಗೆದಳು. ಗಟ್ಟಿ ಮುಟ್ಟಿದರೆ ಅವನ ಚರ್ಮ ನೀಲಿಗಟ್ಟುತ್ತಿತ್ತಂತೆ, ಕೂಸಿದ್ದಾಗಿನಿಂದಲೂ.

“ಅವ್ವಾ, ಔಷಧ ಈಗ ಮೈಯಾಗ ಅದ. ಗಟ್ಟಿ ಹಿಡಿ.”

“ಏನರ ಆದ್ರ, ಮಗಾ?”

“ಏನೂ ಆಗಲ್ಲ. ಹಿಡಿ.”

ಅಜ್ಜಿ ಹಿಡಿದಳು. ಮೊದಲು ಬೆರಳು, ಆಮೇಲೆ ಇಡೀ ಕೈ.

“ಇನ್ನಾ ಗಟ್ಟಿ,” ಎಂದ ಮಾಮಾ.