ಮಂಡಿಯೊಳಗಿನ ಡಬ್ಬಿ

ಊಟದ ಡಬ್ಬಿ ತೆಗೆದೆನೋ, ಇಲ್ಲವೋ? ಬಲಗೈ ತೆಗೆದೆ ಎನ್ನುತ್ತಿತ್ತು, ಹೊಟ್ಟೆ ಇಲ್ಲ ಎನ್ನುತ್ತಿತ್ತು.

ಮಹಾಯಂತ್ರದ ಎಡ ಮಂಡಿಗೆ ಗ್ರೀಸು ಹಚ್ಚುವುದು ಗ್ರೀಸಣ್ಣನ ಕೆಲಸ. ಆಕಾಶದಿಂದ ಬಂದವರೊಡನೆ ಕಾದಾಡಲು ಕಟ್ಟಿದ ಆ ಉಕ್ಕಿನ ಮನುಷ್ಯನ ಮಂಡಿಯೇ ಒಂದು ಮನೆಯಷ್ಟಿತ್ತು. ಒಳಗೆ, ಹಲ್ಲುಚಕ್ರಗಳ ಪಕ್ಕ, ಸದಾ ಬಿಸಿಯಾಗಿರುವ ಕೊಳವೆ. ಊಟದ ಡಬ್ಬಿಯನ್ನು ಅಲ್ಲಿ ಸಿಕ್ಕಿಸಿದರೆ ಮಧ್ಯಾಹ್ನಕ್ಕೆ ಹಬೆಯಾಡುತ್ತದೆ. ಎಲ್ಲ ಕೆಲಸಗಾರರ ರೂಢಿ ಅದು. ಇವತ್ತು ಊಟಕ್ಕೆ ಮೊದಲೇ ಸೈರನ್ ಕೂಗಿತ್ತು. ಎಲ್ಲರೂ ತಂತಮ್ಮ ಡಬ್ಬಿ ಕಿತ್ತುಕೊಂಡು ಎದ್ದೆವೋ ಬಿದ್ದೆವೋ ಎಂದು ಓಡಿದ್ದರು.

ಕಾರ್ಖಾನೆಯ ತಾರಸಿಯ ಮೇಲೆ ನಿಂತು ಗ್ರೀಸಣ್ಣ ಬಲಗೈ ನೋಡಿಕೊಂಡ. ಡಬ್ಬಿ ಇತ್ತು. ಗ್ರೀಸಿನದು.

"ಯಾಕೋ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?" ಎಂದ ಪಕ್ಕದ ವೆಲ್ಡರ್.

"ಊಟ ಆಗಿಲ್ಲ."

"ನೋಡ್ರಪ್ಪಾ, ಲೋಕಾನೇ ಮುಳುಗ್ತಿದೆ, ಇವನಿಗೆ ಊಟದ ಚಿಂತೆ! ಅಲ್ಲಿ ಯಂತ್ರದ ತಲೇಲಿ ಕೂತಿರೋನು ನಿನ್ನ ಹೆಂಡ್ತಿ ತಮ್ಮ ಕಣೋ!"

ಗ್ರೀಸಣ್ಣನ ಚಿಂತೆಯೂ ಅದೇ.

ಬಯಲಿನಾಚೆ ಆಕಾಶದವರ ಮೂರು ಯಂತ್ರಗಳು ನಿಂತಿದ್ದವು. ಮೋಡಗಳು ಅವುಗಳ ಸೊಂಟಕ್ಕೆ ತಾಗಿ ಸೀಳಿ ಹೋಗುತ್ತಿದ್ದವು. ಮಹಾಯಂತ್ರ ಒಂದು ಹೆಜ್ಜೆ ಇಟ್ಟಿತು. ಎರಡನೆಯದಕ್ಕೆ ಎಡ ಮಂಡಿಯಲ್ಲಿ ಕಟಕ್ ಎಂದಿತು. ಆನೆಯ ಕಿವಿಗೆ ಇರುವೆ ಹೊಕ್ಕರೆ ಸಾಕಲ್ಲ! ಬೆಟ್ಟ ಕುಸಿದ ಹಾಗೆ ಅದು ನಿಧಾನವಾಗಿ ಮಂಡಿಯೂರಿತು. ತಲೆ ಬಾಗಿತು.

"ಮುಗೀತು ನಮ್ಮ ಕತೆ," ಎಂದ ವೆಲ್ಡರ್.

"ಅದು... ನನ್ನ..." ಎನ್ನುತ್ತ ಗ್ರೀಸಣ್ಣ ಗ್ರೀಸಿನ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ.

ಆಚೆಯ ಮೊದಲ ಯಂತ್ರ ಬಹಳ ಹೊತ್ತು ಸುಮ್ಮನೆ ನೋಡಿತು. ಆಮೇಲೆ ಅದೂ ಮಂಡಿಯೂರಿತು. ಎರಡನೆಯದು, ಮೂರನೆಯದು ಕೂಡ. ನೆಲ ನಡುಗಲಿಲ್ಲ, ಹಕ್ಕಿ ಕೊಂಬೆಯ ಮೇಲೆ ಕೂತಷ್ಟು ಮೆತ್ತಗೆ. ಇಷ್ಟು ವರ್ಷಗಳ ಯುದ್ಧದಲ್ಲಿ ಯಾರೂ ಅವರ ಮುಂದೆ ಒಮ್ಮೆಯೂ ತಲೆಬಾಗಿ ನೋಡಿರಲಿಲ್ಲ. ಮೂರೂ ಎದ್ದವು, ಮೇಲೇರಿದವು, ಚುಕ್ಕಿಗಳಾದವು. ತಾರಸಿಯ ಮೇಲೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೆಂಬುದೇ ಮರೆತುಹೋಗಿತ್ತು.

ಸಂಜೆ ರೇಡಿಯೋದಲ್ಲಿ ಭಾಮೈದ ಮಾತಾಡಿದ: "ಹೊಡೆಯೋದೊಂದೇ ಯುದ್ಧ ಅಲ್ಲ ಅಂತ ಆ ಕ್ಷಣಕ್ಕೆ ಅನಿಸ್ತು."

ಬಾಗಿದ ಯಂತ್ರವನ್ನು ಒಂದು ಮೊಳೆಯನ್ನೂ ಕದಲಿಸದೆ ಸ್ಮಾರಕವಾಗಿ ಉಳಿಸಬೇಕು, ಯಾರೂ ಮುಟ್ಟಕೂಡದು ಎಂದು ಸರ್ಕಾರ ಸಾರಿತು. ಗ್ರೀಸಣ್ಣನ ಕೆಲಸ ಅಲ್ಲಿಗೆ ಮುಗಿಯಿತು.

"ನನ್ನ ತಮ್ಮ ಲೋಕಾನೇ ಉಳಿಸ್ದ," ಎಂದಳು ಹೆಂಡತಿ, ಗ್ರೀಸಿನ ಡಬ್ಬಿಯನ್ನು ಮೂಗಿಗೆ ಹಿಡಿದು ದೂರ ಸರಿಸುತ್ತ. "ನಿಮಗೆ ನನ್ನ ತವರಿನದೊಂದು ಡಬ್ಬಿ ಉಳಿಸ್ಕೊಂಡು ಬರೋಕಾಗ್ಲಿಲ್ಲ! ಎಲ್ಲಿ ಬಿಟ್ಟು ಬಂದ್ರಿ, ಹೇಳಿ?"

ಕಿಟಕಿಯಾಚೆ ಉಕ್ಕಿನ ಬೆನ್ನು ಸಂಜೆಯ ಬೆಳಕಿಗೆ ಹೊಳೆಯುತ್ತಿತ್ತು.

ಗ್ರೀಸಣ್ಣ ಅದರ ಎಡ ಮಂಡಿಯನ್ನೊಮ್ಮೆ ನೋಡಿ, "ಹೊಸದು ತಂದುಕೊಡ್ತೀನಿ ಬಿಡು," ಎಂದ.